ಅಗಲ ಕೇಳುವ ಮೊದಲು

ಕೋನ್ ಇಟ್ಟು ಗುರುತಿಸಿದ ಕೋರ್ಸಿನಲ್ಲಿ ಒಬ್ಬೊಬ್ಬರೇ ಟೈಮ್‌ಗಾಗಿ ಕಾರು ಓಡಿಸುವ ಸ್ಪರ್ಧೆ ಆಟೋಕ್ರಾಸ್. ಅದಕ್ಕೆ ಹೊಸದಾಗಿ ಬಂದವರು ಪ್ಯಾಡಕ್‌ನಲ್ಲಿ, ಅಂದರೆ ಕಾರುಗಳನ್ನು ನಿಲ್ಲಿಸಿಕೊಳ್ಳುವ ಜಾಗದಲ್ಲಿ, ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಈ ಕಾರಿಗೆ ಎಷ್ಟು ಅಗಲದ ಟೈರು ಹಿಡಿಸುತ್ತೆ?" ಅಲ್ಲೇ ಪಕ್ಕದಲ್ಲಿ ನಿಂತ ಯಾರೋ ಒಂದು ನಂಬರ್ ಹೇಳುತ್ತಾರೆ. 225 ಅಂತಲೋ, 245 ಅಂತಲೋ. ಕೇಳಿದವರು ಅದನ್ನು ಫೋನಿನಲ್ಲಿ ಬರೆದುಕೊಂಡು ಹೋಗುತ್ತಾರೆ. ಮುಂದಿನ ಸಲ ಬರುವಾಗ ಕಾರಿನಡಿ ದಪ್ಪ ದಪ್ಪ ಟೈರು ಕೂತಿರುತ್ತವೆ. ನೋಡೋಕೂ ಚೆನ್ನಾಗಿರುತ್ತದೆ. ಆದರೆ ಟೈಮ್ ಇದ್ದಲ್ಲೇ ಇರುತ್ತದೆ, ಕೆಲವರದ್ದು ಇನ್ನೂ ಹಿಂದಕ್ಕೆ ಹೋಗಿರುತ್ತದೆ. ಆಗ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಮೇಲೆ ಅನುಮಾನ, ಟೈರಿನ ಗಾಳಿ ಮೇಲೆ ಅನುಮಾನ, ಕೊನೆಗೆ ತಮ್ಮ ಕೈ ಮೇಲೇ ಅನುಮಾನ. ಟೈರಿನ ಸೈಜ್ ಮೇಲೆ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ. ಅಗಲ ಟೈರು ತಾನೇ, ಅದು ಹೇಗೆ ನಿಧಾನ ಆಗುತ್ತೆ ಅಂತ.

ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ. ಅಗಲ ಕೇಳಬಾರದು ಅಂತಲ್ಲ. ಅದನ್ನು ಕೊನೆಗೆ ಕೇಳಬೇಕು ಅಂತ ನನ್ನ ವಾದ. ಸ್ಪರ್ಧೆಯ ಯಾವ ಕ್ಲಾಸಿನಲ್ಲಿ ಓಡಿಸುತ್ತೀರಿ, ನಿಮಗೆ ಬೇಕಾದ ಟೈರು ಯಾವ ಸೈಜಿನಲ್ಲಿ ಸಿಗುತ್ತದೆ, ಎಷ್ಟು ಅಗಲದ ರಿಮ್ ಹಾಕಬಹುದು, ಎರಡನೇ ಗೇರು ಎಷ್ಟು ವೇಗಕ್ಕೆ ಮುಗಿಯುತ್ತದೆ. ಇಷ್ಟು ಗೊತ್ತಾದರೆ ಟೈರಿನ ಅಗಲ ಬಹುಪಾಲು ತಾನಾಗಿಯೇ ನಿಶ್ಚಯವಾಗಿರುತ್ತದೆ. ಇವುಗಳಲ್ಲೂ ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವುದು ರಿಮ್ ಬಗ್ಗೆ. ಟೈರಿನ ಅಗಲಕ್ಕಿಂತ ರಿಮ್‌ನ ಅಗಲ ಮುಖ್ಯ. ಇದನ್ನು ನಾನು ಓದಿ ನಂಬಿದ್ದಲ್ಲ, ನಿಂತು ನೋಡಿ ನಂಬಿದ್ದು.

ಕೋನ್ ಎತ್ತಿಡುವ ಜಾಗದಿಂದ

ಆಟೋಕ್ರಾಸ್‌ನಲ್ಲಿ ಓಡಿಸುವವರೇ ಸರದಿ ಪ್ರಕಾರ ಕೋರ್ಸ್ ಕೆಲಸವನ್ನೂ ಮಾಡಬೇಕು. ಬಿದ್ದ ಕೋನ್ ಎತ್ತಿಡಬೇಕು, ಯಾರು ಎಷ್ಟು ಕೋನ್ ಬೀಳಿಸಿದರು ಅಂತ ಹೇಳಬೇಕು. ಬಹಳ ಜನ ಇದನ್ನು ಬೇಸರದ ಕೆಲಸ ಅಂದುಕೊಳ್ಳುತ್ತಾರೆ. ನನಗೆ ಇದು ಇಡೀ ದಿನದಲ್ಲಿ ಜಾಸ್ತಿ ಕಲಿಸುವ ಹೊತ್ತು. ಕಾರಿನೊಳಗೆ ಕೂತವರಿಗೆ ತಮ್ಮ ಟೈರು ಏನು ಮಾಡುತ್ತಿದೆ ಅಂತ ಕಾಣುವುದೇ ಇಲ್ಲ. ಹೊರಗೆ ನಿಂತವರಿಗೆ ಕಾಣುತ್ತದೆ.

ಒಂದು ಸಲ ನನಗೆ ಸಿಕ್ಕಿದ್ದು ಸ್ಲಾಲಮ್ (ಸಾಲು ಕೋನ್‌ಗಳ ನಡುವೆ ಆಚೆ ಈಚೆ ತಿರುಗುತ್ತಾ ಹೋಗುವ ಭಾಗ) ಮುಗಿದು ಕಾರು ಬಿಗಿಯಾಗಿ ಎಡಕ್ಕೆ ತಿರುಗುವ ಜಾಗ. ಅವತ್ತು ಒಂದೇ ಮಾಡೆಲ್‌ನ ಎರಡು ಚಿಕ್ಕ ಸ್ಪೋರ್ಟ್ಸ್ ಕಾರು ಬಂದಿದ್ದವು. ಎರಡಕ್ಕೂ ಒಂದೇ ಕಂಪನಿಯ, ಒಂದೇ ಮಾಡೆಲ್‌ನ ಟೈರು. ಒಂದರಲ್ಲಿ 225 ಟೈರು 9 ಇಂಚಿನ ರಿಮ್ ಮೇಲಿತ್ತು. ಇನ್ನೊಂದರಲ್ಲಿ ಅದಕ್ಕಿಂತ ಅಗಲದ ಟೈರು 7 ಇಂಚಿನ ರಿಮ್ ಮೇಲಿತ್ತು. ಕಾಗದದ ಮೇಲೆ ನೋಡಿದರೆ ಎರಡನೆಯದಕ್ಕೆ ರಬ್ಬರ್ ಜಾಸ್ತಿ.

ಎರಡನೇ ಕಾರು ನನ್ನ ಮುಂದೆ ತಿರುಗಿದಾಗ ಮುಂದಿನ ಬಲಗಡೆ ಟೈರನ್ನೇ ನೋಡಿದೆ. ಸ್ಟೀರಿಂಗ್ ತಿರುಗಿತು, ರಿಮ್ ತಿರುಗಿತು, ಟ್ರೆಡ್, ಅಂದರೆ ನೆಲಕ್ಕೆ ತಾಗುವ ರಬ್ಬರ್, ಮಾತ್ರ ಒಂದು ಕ್ಷಣ ಹಿಂದೆಯೇ ಉಳಿಯಿತು. ರಿಮ್ ಟೈರಿನ ಮೇಲೆ ಹೊರಕ್ಕೆ ಜಾರಿದ ಹಾಗೆ ಕಂಡಿತು. ಹೊರಗಿನ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮಡಚಿಕೊಂಡು ಕೆಳಗೆ ಹೋಯಿತು. ಒಳ ಅಂಚು ನೆಲದ ಮೇಲೆ ಸುಮ್ನೆ ಸವರಿಕೊಂಡು ಹೋಗುತ್ತಿತ್ತು, ಭಾರವೇ ಇಲ್ಲದ ಹಾಗೆ. ಆಮೇಲೆ ಕಾರು ತಿರುಗಿತು. ಆ "ಆಮೇಲೆ" ಅನ್ನುವುದು ಕಣ್ಣಿಗೆ ಕಾಣುವಷ್ಟಿತ್ತು. ಮೊದಲನೇ ಕಾರಿನಲ್ಲಿ ಅದು ಇರಲೇ ಇಲ್ಲ. ಸೈಡ್‌ವಾಲ್ ನೆಟ್ಟಗೆ ನಿಂತೇ ಇತ್ತು, ಸ್ಟೀರಿಂಗ್ ಜೊತೆಗೇ ಮೂಗು ತಿರುಗಿತು. ಸದ್ದು ಕೂಡ ಬೇರೆ. ಒಂದು ಗುರ್ ಅನ್ನುತ್ತಾ ಹೋದರೆ ಇನ್ನೊಂದು ಕಿರುಚುತ್ತಾ ಹೋಗುತ್ತಿತ್ತು.

ರನ್ ಮುಗಿದ ಮೇಲೆ ಪ್ಯಾಡಕ್‌ನಲ್ಲಿ ಆ ಎರಡನೇ ಕಾರಿನ ಗೆಳೆಯನ ಹತ್ತಿರ ಹೋದೆ. ಅವನು ಟೈರಿನ ಭುಜಕ್ಕೆ, ಅಂದರೆ ಟ್ರೆಡ್ ಮುಗಿದು ಸೈಡ್‌ವಾಲ್ ಶುರುವಾಗುವ ಅಂಚಿಗೆ, ಚಾಕ್‌ಪೀಸ್ ಹಚ್ಚಿ ನೋಡುತ್ತಿದ್ದ. ಗೊತ್ತಲ್ವಾ ಈ ಉಪಾಯ. ಟ್ರೆಡ್ ಅಂಚಿನಿಂದ ಸೈಡ್‌ವಾಲ್ ಕಡೆಗೆ ಅಡ್ಡಕ್ಕೆ ಒಂದು ಬಿಳಿ ಪಟ್ಟಿ ಎಳೆಯುವುದು, ಒಂದು ರನ್ ಮಾಡಿ ಬರುವುದು, ಎಲ್ಲಿವರೆಗೆ ಅಳಿಸಿದೆ ಅಂತ ನೋಡುವುದು. ಬಹಳಷ್ಟು ಟೈರುಗಳ ಭುಜದ ಮೇಲೆ ಪುಟ್ಟ ತ್ರಿಕೋನ ಇರುತ್ತದೆ, ಚಾಕ್ ಅದರ ತುದಿಯ ಹತ್ತಿರ ಅಳಿಸಿದರೆ ಸಾಕು. ಇವನದ್ದು ತ್ರಿಕೋನ ದಾಟಿ, ಅಕ್ಷರ ಬರೆದಿರುವ ಜಾಗದವರೆಗೂ ಅಳಿಸಿತ್ತು. "ಗಾಳಿ ಹಾಕಿ ಹಾಕಿ ಸಾಕಾಯ್ತು ಮಾರಾಯಾ" ಅಂದ. ಗಾಳಿ ಜಾಸ್ತಿ ಮಾಡಿದರೆ ಮಡಚುವುದು ಕಮ್ಮಿಯಾಗುತ್ತದೆ, ನಿಜ. ಆದರೆ ಕಿರಿದಾದ ರಿಮ್ ಮೇಲೆ ಅಗಲ ಟೈರು ಮೊದಲೇ ನಡುವೆ ಉಬ್ಬಿಕೊಂಡಿರುತ್ತದೆ. ಗಾಳಿ ಏರಿಸಿದ ಹಾಗೆಲ್ಲ ಆ ಉಬ್ಬು ಇನ್ನೂ ಜಾಸ್ತಿ. ಭುಜ ಉಳಿಸಲು ಹೋಗಿ ನಡುವಿನ ಹಿಡಿತ ಕಳೆದುಕೊಳ್ಳುವುದು. ದೊಡ್ಡವರು ಪುಟ್ಟ ಮಣೆ ಮೇಲೆ ಕೂತ ಹಾಗೆ, ಎಷ್ಟು ಸರಿದು ಕೂತರೂ ಒಂದು ಕಡೆ ಜಾರುತ್ತಲೇ ಇರಬೇಕು.

ಟೈರಿನ ಮೇಲೆ ಬರೆದ ನಂಬರ್

225 ಅಂತ ಬರೆದಿದ್ದರೆ ನೆಲಕ್ಕೆ 225 ಮಿ.ಮೀ. ರಬ್ಬರ್ ತಾಗುತ್ತದೆ ಅಂತ ಅರ್ಥ ಅಲ್ಲ. ಅದು ಒಂದು ನಿಗದಿತ ಅಗಲದ ರಿಮ್ ಮೇಲೆ ಕೂರಿಸಿದಾಗ ಒಂದು ಸೈಡ್‌ವಾಲ್‌ನಿಂದ ಇನ್ನೊಂದು ಸೈಡ್‌ವಾಲ್‌ಗೆ ಬರುವ ಹೆಸರಿನ ಅಳತೆ. 225/45 ಟೈರಿಗೆ (45 ಅಂದರೆ ಸೈಡ್‌ವಾಲ್‌ನ ಎತ್ತರ ಆ ಅಗಲದ ಶೇಕಡಾ 45) ಆ ಅಳತೆಯ ರಿಮ್ 7.5 ಇಂಚು. ರಿಮ್ ಅರ್ಧ ಇಂಚು ಅಗಲವಾದರೆ ಟೈರಿನ ಅಗಲ ಸುಮಾರು 5 ಮಿ.ಮೀ. ಹೆಚ್ಚುತ್ತದೆ, ಅರ್ಧ ಇಂಚು ಕಿರಿದಾದರೆ ಅಷ್ಟೇ ಕುಗ್ಗುತ್ತದೆ. ಅಂದರೆ ಅದೇ 225 ಟೈರು 9 ಇಂಚಿನ ರಿಮ್ ಮೇಲೆ ಸುಮಾರು 240 ಆಗಿ ಕೂರುತ್ತದೆ. ಒಂದು ಪೈಸೆಯ ರಬ್ಬರ್ ಸೇರಿಸದೆ!

ನೆಲಕ್ಕೆ ತಾಗುವ ಟ್ರೆಡ್ಡಿನ ಅಗಲ ಬೇರೆಯೇ ಅಳತೆ. ಅದನ್ನು ಟೈರಿನ ಮೇಲೆ ಬರೆಯುವುದಿಲ್ಲ, ತಯಾರಕರ ಪಟ್ಟಿಯಲ್ಲಿ ಹುಡುಕಬೇಕು. ಎರಡು ಕಂಪನಿಯ 225 ಟೈರುಗಳನ್ನು ಪಕ್ಕಪಕ್ಕ ಇಟ್ಟು ಟೇಪ್ ಹಿಡಿದರೆ ಟ್ರೆಡ್ಡಿನಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸ ಬಂದರೂ ಆಶ್ಚರ್ಯವಿಲ್ಲ. ಭುಜ ಚೌಕಾಗಿರುವ ಟೈರು, ಭುಜ ದುಂಡಾಗಿರುವ ಟೈರು ಅಂತ ಎರಡು ಜಾತಿ. ಹಾಗಾಗಿ ಒಬ್ಬರ 225 ಇನ್ನೊಬ್ಬರ 235ಕ್ಕೆ ಸಮ ಆಗಬಹುದು. ಇಷ್ಟು ಸಡಿಲವಾದ ನಂಬರನ್ನು ಹಿಡಿದು ನಾವು ರಿಮ್ ಖರೀದಿ ಮಾಡುತ್ತೇವೆ, ಚಕ್ರದ ಮೇಲಿನ ತಗಡನ್ನು, ಅಂದರೆ ಫೆಂಡರನ್ನು, ಬಡಿಸುತ್ತೇವೆ.

ಒಂದು ಎಚ್ಚರಿಕೆ ಹೇಳಲೇಬೇಕು. 225/45 ಟೈರಿಗೆ ಒಪ್ಪಿರುವ ರಿಮ್ 7ರಿಂದ 8.5 ಇಂಚು. ಆಟೋಕ್ರಾಸ್‌ನವರು 9ಕ್ಕೆ ಹೋಗುತ್ತಾರೆ, ಅದು ಆ ಮಿತಿಯ ಹೊರಗೆ. ಅದು ಅವರವರ ಜವಾಬ್ದಾರಿ. ಹಾಗೆ ಎಳೆದು ಕೂರಿಸಿದಾಗ ರಿಮ್‌ನ ಅಂಚು ಟೈರಿಗಿಂತ ಹೊರಗೆ ಬಂದಿರುತ್ತದೆ, ಗಾಳಿ ತೀರಾ ಇಳಿಸಿದರೆ ಬೀಡ್ (ರಿಮ್ ಮೇಲೆ ಕೂರುವ ಟೈರಿನ ಅಂಚು) ರಿಮ್‌ನಿಂದ ಕಳಚಿಕೊಳ್ಳುವ ಅಪಾಯವೂ ಇದೆ. ಮಿತಿಯೊಳಗಿನ ತುತ್ತತುದಿ, ಅಂದರೆ 225ಕ್ಕೆ 8.5, ಬಹುತೇಕರಿಗೆ ಬೇಕಾದ ಲಾಭವನ್ನೆಲ್ಲ ಕೊಡುತ್ತದೆ ಅಂತ ನನ್ನ ಅನಿಸಿಕೆ.

ಎರಡನೇ ಗೇರು

ಅಗಲದ ಗಲಾಟೆಯಲ್ಲಿ ಜನ ಮರೆಯುವುದು ಟೈರಿನ ಎತ್ತರವನ್ನು. ಆಟೋಕ್ರಾಸ್ ರನ್ ಅಂದರೆ ಹೆಚ್ಚುಕಮ್ಮಿ ಒಂದು ನಿಮಿಷ. ಒಂದನೇ ಗೇರಿನಲ್ಲಿ ಹೊರಟು ಎರಡಕ್ಕೆ ಹಾಕಿದರೆ ಮುಗಿಯಿತು, ಕೊನೆವರೆಗೂ ಅದೇ. ಆದ್ದರಿಂದ ನಮ್ಮ ಪಾಲಿಗೆ ಕಾರಿಗೆ ಇರುವುದು ಒಂದೇ ಗೇರು. ಅದು ಎಷ್ಟು ವೇಗಕ್ಕೆ ಮುಗಿಯುತ್ತದೆ, ಎಷ್ಟು ಬಲವಾಗಿ ಎಳೆಯುತ್ತದೆ ಅನ್ನುವುದನ್ನು ಟೈರಿನ ವ್ಯಾಸ ತೀರ್ಮಾನ ಮಾಡುತ್ತದೆ.

ಎಲ್ಲರಿಗೂ ಪರಿಚಯದ ಕಾರು ತೆಗೆದುಕೊಳ್ಳೋಣ. 1989ರಲ್ಲಿ ಬಂದ ಮೊದಲ ತಲೆಮಾರಿನ ಮಜ್ದಾ ಮಿಯಾಟಾ, 1.6 ಲೀಟರ್ ಎಂಜಿನ್. ಎರಡನೇ ಗೇರಿನ ಅನುಪಾತ 1.888, ಹಿಂದಿನ ಡಿಫರೆನ್ಷಿಯಲ್‌ನ ಅನುಪಾತ 4.3. ಎರಡನ್ನೂ ಗುಣಿಸಿದರೆ 8.1ರ ಸುಮಾರು. ಎಂಜಿನ್ 7000 ಸುತ್ತು ತಿರುಗುವಾಗ ಚಕ್ರ ನಿಮಿಷಕ್ಕೆ 862 ಸುತ್ತು ತಿರುಗುತ್ತದೆ. ಕಾರ್ಖಾನೆಯಿಂದ ಬರುವ 185/60ಆರ್14 (ಕೊನೆಯ ನಂಬರ್ ಇಂಚಿನಲ್ಲಿ ರಿಮ್ ವ್ಯಾಸ) ಟೈರಿನ ವ್ಯಾಸ ಸುಮಾರು 578 ಮಿ.ಮೀ. ಅಂದರೆ ಎರಡನೇ ಗೇರು ಗಂಟೆಗೆ 94 ಕಿ.ಮೀ.ಗೆ ಮುಗಿಯುತ್ತದೆ. 225/45ಆರ್15 ಹಾಕಿದರೆ ವ್ಯಾಸ 584ರ ಹತ್ತಿರ, ಗೇರು ಮುಗಿಯುವುದು 95ಕ್ಕೆ. ಹೆಚ್ಚೇನೂ ಬದಲಾಗಲಿಲ್ಲ. ಇದೇ ಕಾರಿಗೆ ಚೆಂದಕ್ಕೆ ಅಂತ 17 ಇಂಚಿನ ರಿಮ್ ತಂದು 205/45ಆರ್17 ಹಾಕಿದರೆ ವ್ಯಾಸ 616. ಗೇರು 100ಕ್ಕೆ ಮುಗಿಯುತ್ತದೆ. ಖುಷಿ ಅಲ್ವಾ? ಅಲ್ಲ. ಪ್ರತಿ ಮೂಲೆಯಿಂದ ಹೊರಬರುವಾಗ ಚಕ್ರ ನೆಲವನ್ನು ತಳ್ಳುವ ಬಲ ಶೇಕಡಾ 6ರಷ್ಟು ಕಮ್ಮಿಯಾಗಿರುತ್ತದೆ. ಶಕ್ತಿ ಮೊದಲೇ ಕಮ್ಮಿ ಇರುವ ಕಾರಿಗೆ ಇದು ಸಣ್ಣ ವಿಷಯವಲ್ಲ. ಎಂಜಿನ್ನಿಗೆ ಶೇಕಡಾ 6 ಶಕ್ತಿ ಸೇರಿಸಲು ಎಷ್ಟು ಕಷ್ಟ ಪಡಬೇಕು ಅಂತ ಯೋಚಿಸಿ.

ಹಾಗಂತ ಯಾವಾಗಲೂ ಚಿಕ್ಕ ವ್ಯಾಸವೇ ಸರಿ ಅಂತಲೂ ಅಲ್ಲ. ಕೋರ್ಸಿನ ಅತಿ ವೇಗದ ಜಾಗದಲ್ಲಿ, ಕೋನ್‌ಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಎಂಜಿನ್ ಲಿಮಿಟರ್‌ಗೆ (ಅದಕ್ಕಿಂತ ಜೋರಾಗಿ ತಿರುಗಲು ಬಿಡದ ತಡೆಗೆ) ಬಡಿದುಕೊಂಡು ನಿಂತರೆ ಅದರಷ್ಟು ಹಿಂಸೆ ಬೇರೆ ಇಲ್ಲ. ಮೂರನೇ ಗೇರಿಗೆ ಹಾಕಿದರೆ ಮತ್ತೆ ಎರಡಕ್ಕೆ ತರಬೇಕು. ಎರಡು ಸಲ ಕೈ ಸ್ಟೀರಿಂಗ್ ಬಿಟ್ಟು ಹೋಗುತ್ತದೆ, ಅದೂ ಎರಡೂ ಕೈ ಬೇಕಾದ ಜಾಗದಲ್ಲಿ. ಅಂಥ ಕೋರ್ಸುಗಳು ಜಾಸ್ತಿ ಇರುವ ಕಡೆ 225/50ಆರ್15 ಯೋಚಿಸಬಹುದು. ಅದೇ ಹೆಸರಿನ ಅಗಲ, ವ್ಯಾಸ ಮಾತ್ರ 606, ಗೇರು 98ರವರೆಗೆ ಹೋಗುತ್ತದೆ. ನೀವು ಓಡಿಸುವ ಜಾಗ ದೊಡ್ಡದೋ ಚಿಕ್ಕದೋ, ಕೋರ್ಸ್ ಬಿಡಿಸುವವರು ವೇಗ ಇಷ್ಟಪಡುವವರೋ ಬಿಗಿ ಇಷ್ಟಪಡುವವರೋ, ಅದರ ಮೇಲೆ ಟೈರಿನ ಎತ್ತರ ನಿಲ್ಲುತ್ತದೆ. ಯಾರ ಪಟ್ಟಿಯಲ್ಲೂ ಇದು ಸಿಗುವುದಿಲ್ಲ.

ದೊಡ್ಡ ರಿಮ್ ಬಗ್ಗೆ ಇನ್ನೊಂದು ಮಾತು. ಟೈರಿನ ಹೊರ ವ್ಯಾಸ ಅಷ್ಟೇ ಇಟ್ಟು ರಿಮ್ ವ್ಯಾಸ ಹೆಚ್ಚಿಸಿದರೆ ಲೋಹ ಹೊರಕ್ಕೆ ಸರಿಯುತ್ತದೆ. ತಿರುಗುವ ತೂಕ ಎಷ್ಟು ಹೊರಗಿದ್ದರೆ ಅದನ್ನು ತಿರುಗಿಸಲು ಅಷ್ಟು ಶ್ರಮ. ಟ್ರೆಡ್ಡಿನಲ್ಲಿರುವ ಒಂದು ಕೆಜಿ, ಕಾರು ವೇಗ ಹೆಚ್ಚಿಸಿಕೊಳ್ಳುವಾಗ ಹತ್ತಿರ ಹತ್ತಿರ ಎರಡು ಕೆಜಿಯ ಹಾಗೆ ಕಾಡುತ್ತದೆ. ಬ್ರೇಕ್ ಕ್ಯಾಲಿಪರ್ ಒಳಗೆ ಹಿಡಿಸುವಷ್ಟು ಚಿಕ್ಕ ರಿಮ್ ಸಾಕು. ಅದಕ್ಕಿಂತ ದೊಡ್ಡದು ಬೇಕಾಗುವುದು ಬೇಕಾದ ಟೈರು ಆ ಸೈಜಿನಲ್ಲಿ ಮಾತ್ರ ಸಿಗುವಾಗ.

ಅಗಲ ಏನು ಕೊಡುತ್ತದೆ, ನಿಜವಾಗಿ

ಅಗಲ ಟೈರಿಗೆ ಹಿಡಿತ ಜಾಸ್ತಿ, ಯಾಕೆಂದರೆ ನೆಲಕ್ಕೆ ತಾಗುವ ಜಾಗ ಜಾಸ್ತಿ ಅಂತ ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ನೆಲಕ್ಕೆ ತಾಗುವ ಜಾಗವನ್ನು ಮುಖ್ಯವಾಗಿ ಕಾರಿನ ಭಾರ ಮತ್ತು ಟೈರಿನ ಗಾಳಿ ನಿರ್ಧರಿಸುತ್ತವೆ. ಗಾಳಿ ಅಷ್ಟೇ ಇಟ್ಟು ಟೈರು ಅಗಲ ಮಾಡಿದರೆ ಆ ಜಾಗದ ಆಕಾರ ಬದಲಾಗುತ್ತದೆ, ಉದ್ದ ಕಮ್ಮಿಯಾಗಿ ಅಗಲ ಹೆಚ್ಚುತ್ತದೆ. ತಿರುವಿನಲ್ಲಿ ಆ ಜಾಗ ಉದ್ದವಾಗಿರುವುದಕ್ಕಿಂತ ಅಗಲವಾಗಿರುವುದು ಒಳ್ಳೆಯದು. ಉದ್ದ ಜಾಸ್ತಿಯಿದ್ದರೆ ಮುಂಭಾಗದ ರಬ್ಬರ್ ಹಿಡಿದಿರುವಾಗಲೇ ಹಿಂಭಾಗದ್ದು ಜಾರಲು ಶುರುಮಾಡಿರುತ್ತದೆ. ಇದರ ಜೊತೆಗೆ ಅಗಲ ಟೈರಿನಲ್ಲಿ ಗಾಳಿ ಸ್ವಲ್ಪ ಕಮ್ಮಿ ಇಡಬಹುದು, ಬಿಸಿ ಹಂಚಿಕೊಳ್ಳಲು ರಬ್ಬರ್ ಜಾಸ್ತಿ ಇರುತ್ತದೆ. ಲಾಭ ಇರುವುದು ಇಲ್ಲಿ.

ಇನ್ನೊಂದು ಕಾರಣ ಭಾರದ ಲೆಕ್ಕ. ಟೈರಿನ ಮೇಲೆ ಭಾರ ದುಪ್ಪಟ್ಟಾದರೆ ಹಿಡಿತ ದುಪ್ಪಟ್ಟಾಗುವುದಿಲ್ಲ, ಸ್ವಲ್ಪ ಕಮ್ಮಿಯೇ ಬರುತ್ತದೆ. ಒಂದು ಟನ್ ತೂಕದ ಕಾರು, ಗುರುತ್ವ ಕೇಂದ್ರ ನೆಲದಿಂದ 45 ಸೆಂ.ಮೀ. ಮೇಲೆ, ಎಡ ಬಲ ಚಕ್ರಗಳ ನಡುವೆ 1.4 ಮೀಟರ್ ಅಂತ ಇಟ್ಟುಕೊಳ್ಳಿ. 1 ಜಿ ತಿರುವಿನಲ್ಲಿ, ಅಂದರೆ ಕಾರಿನ ತೂಕದಷ್ಟೇ ಬಲ ಪಕ್ಕಕ್ಕೆ ಎಳೆಯುವಾಗ, ಸುಮಾರು 320 ಕೆಜಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಹೋಗುತ್ತದೆ. ಹೊರಗಿನ ಎರಡು ಟೈರು 820 ಕೆಜಿ ಹೊರುತ್ತವೆ, ಒಳಗಿನ ಎರಡು ಬರೀ 180. ಅಂದರೆ ಆ ಕ್ಷಣದಲ್ಲಿ ಕಾರನ್ನು ಹಿಡಿದಿರುವುದು ಹೆಚ್ಚುಕಮ್ಮಿ ಎರಡೇ ಟೈರು. ಅವು ದೊಡ್ಡದಾಗಿದ್ದಷ್ಟೂ ಆ ಭಾರಕ್ಕೆ ಸೋಲುವುದು ಕಮ್ಮಿ. ಆದರೆ ಇಷ್ಟು ಭಾರ ಒಂದೇ ಭುಜದ ಮೇಲೆ ಬಿದ್ದಾಗ ಅದನ್ನು ನೆಟ್ಟಗೆ ನಿಲ್ಲಿಸಬೇಕಾದ್ದು ಸೈಡ್‌ವಾಲ್, ಸೈಡ್‌ವಾಲನ್ನು ನೆಟ್ಟಗೆ ನಿಲ್ಲಿಸುವುದು ರಿಮ್. ಮತ್ತೆ ಅಲ್ಲಿಗೇ ಬಂದೆವು.

ಹಗುರ ಕಾರಿಗೆ ತೀರಾ ಅಗಲ ಟೈರು ಹಾಕಿದರೆ ಇನ್ನೊಂದು ತೊಂದರೆ. ಬೆಳಿಗ್ಗೆ ನೆಲ ತಣ್ಣಗಿರುವಾಗ ಅದು ಬಿಸಿಯೇ ಆಗುವುದಿಲ್ಲ. ಒಂದು ನಿಮಿಷದ ರನ್‌ನಲ್ಲಿ ಟೈರು ಎಚ್ಚರಗೊಳ್ಳುವುದು ಮುಕ್ಕಾಲು ನಿಮಿಷ ಕಳೆದ ಮೇಲೆ ಅಂದರೆ ಏನು ಪ್ರಯೋಜನ? ಅದೇ ಕಾರನ್ನು ಇಬ್ಬರು ಹಂಚಿಕೊಂಡು ಓಡಿಸಿದರೆ ಲೆಕ್ಕ ಉಲ್ಟಾ. ನಡುವೆ ಬಿಡುವೇ ಸಿಗುವುದಿಲ್ಲ, ಟೈರು ಕಾದು ಜಿಡ್ಡಾಗುತ್ತದೆ, ರನ್‌ಗಳ ಮಧ್ಯೆ ನೀರು ಚಿಮುಕಿಸಿ ತಣಿಸಬೇಕು. ಆಗ ಅಗಲ ಟೈರು ನಿಜವಾಗಿ ಕೈಹಿಡಿಯುತ್ತದೆ. ಒಬ್ಬರೇ ಓಡಿಸುತ್ತೀರೋ ಇಬ್ಬರೋ ಅನ್ನುವುದು ಕೂಡ ಸೈಜ್ ಪ್ರಶ್ನೆಯೇ, ಯಾರೂ ಹಾಗೆ ನೋಡುವುದಿಲ್ಲ ಅಷ್ಟೇ.

ಫೆಂಡರ್ ಒಳಗಿನ ಮಿಲಿಮೀಟರ್‌ಗಳು

ರಿಮ್ ಅಗಲ ಬೇಕು ಅಂತ ಇಷ್ಟು ಹೇಳಿದೆ. ಅದು ಎಲ್ಲಿ ಕೂರಬೇಕು ಅನ್ನುವುದು ಬೇರೆ ಕಷ್ಟ. ಆಫ್‌ಸೆಟ್ ಅಂದರೆ ರಿಮ್‌ನ ನಡುಗೆರೆಯಿಂದ ಹಬ್‌ಗೆ (ಚಕ್ರವನ್ನು ಬಿಗಿಯುವ ಭಾಗಕ್ಕೆ) ತಾಗುವ ಮುಖ ಎಷ್ಟು ಹೊರಗಿದೆ ಅನ್ನುವ ಅಳತೆ. ಅದೇ ಹಳೆಯ ಮಿಯಾಟಾದ ಕಾರ್ಖಾನೆ ರಿಮ್ 14 ಇಂಚು ವ್ಯಾಸ, 5.5 ಇಂಚು ಅಗಲ, ಆಫ್‌ಸೆಟ್ 45. ಅದಕ್ಕೆ ಆಟೋಕ್ರಾಸ್‌ನವರು ಬಹಳ ಬಳಸುವ ರಿಮ್ 15 ಇಂಚು ವ್ಯಾಸ, 9 ಇಂಚು ಅಗಲ, ಆಫ್‌ಸೆಟ್ 36. ಲೆಕ್ಕ ಹಾಕಿದರೆ ರಿಮ್ ಹೊರಗಡೆ 53 ಮಿ.ಮೀ. ಚಾಚುತ್ತದೆ, ಒಳಗಡೆ 35 ಮಿ.ಮೀ. ಒಳಗೆ ಹೋಗುತ್ತದೆ. ಐದು ಸೆಂಟಿಮೀಟರ್ ಹೊರಗೆ ಅಂದರೆ ಫೆಂಡರಿನ ಅಂಚು ಸುಮ್ನೆ ಬಿಡುವುದಿಲ್ಲ.

ಇದನ್ನು ನೋಡಿ ಖಾತ್ರಿ ಮಾಡಿಕೊಳ್ಳುವ ದಾರಿ ನನಗೆ ಬಹಳ ಇಷ್ಟ. ಗ್ಯಾರೇಜಿನಲ್ಲಿ ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಒಂದು ಮೂಲೆಯ ಸ್ಪ್ರಿಂಗ್ ಬಿಚ್ಚಿ ತೆಗೆದು, ಡ್ಯಾಂಪರನ್ನು ಮಾತ್ರ ವಾಪಸ್ ಹಾಕಿ, ಚಕ್ರ ಕೂರಿಸಿ, ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟು ನಿಧಾನವಾಗಿ ಎತ್ತುತ್ತಾ ಹೋಗುವುದು. ಸ್ಪ್ರಿಂಗ್ ಇಲ್ಲದ್ದರಿಂದ ಚಕ್ರ ಬಂಪ್ ಸ್ಟಾಪ್‌ವರೆಗೂ (ಮೇಲೇರುವುದನ್ನು ಕೊನೆಗೆ ತಡೆಯುವ ರಬ್ಬರ್‌ವರೆಗೂ) ಸಲೀಸಾಗಿ ಏರುತ್ತದೆ. ಒಬ್ಬರು ಸ್ಟೀರಿಂಗ್ ಹಿಡಿದು ಕೊನೆಯಿಂದ ಕೊನೆಗೆ ತಿರುಗಿಸಬೇಕು, ಇನ್ನೊಬ್ಬರು ಟಾರ್ಚ್ ಹಿಡಿದು ಒಳಗೆ ನೋಡಬೇಕು. ನಾವು ಹೀಗೆ ಮಾಡಿದ ಒಂದು ಸಂಜೆ ಚೆನ್ನಾಗಿ ನೆನಪಿದೆ. ಫೆಂಡರಿನ ಒಳಗೆ ಮಡಚಿದ ತಗಡಿನ ತುಟಿಗೂ ಟೈರಿನ ಭುಜಕ್ಕೂ ನಡುವೆ ಒಂದು ಕಾರ್ಡಿನ ದಪ್ಪದಷ್ಟು ಜಾಗ ಉಳಿದಿತ್ತು. ಗೆಳೆಯ ಕಾರ್ಡನ್ನು ಆ ಸಂದಿಗೆ ತೂರಿಸಿ ಹಿಡಿದಿದ್ದ. ನಾನು ಸ್ಟೀರಿಂಗ್ ಇನ್ನೊಂದು ಸ್ವಲ್ಪ ತಿರುಗಿಸಿದೆ. "ನಿಲ್ಸು ನಿಲ್ಸು" ಅಂದ. ಕಾರ್ಡು ಸಿಕ್ಕಿಹಾಕಿಕೊಂಡಿತ್ತು. ಅದು ಮುಂದಿನ ಚಕ್ರ, ತಗುಲಿದ್ದು ಹಿಂಭಾಗದ ಅಂಚಿಗೆ, ನಾವು ಯಾರೂ ನೋಡಬೇಕು ಅಂದುಕೊಂಡಿರದ ಜಾಗಕ್ಕೆ.

ಪರಿಹಾರ ಎರಡಿದ್ದವು. ತುಟಿಯನ್ನು ಬಿಸಿಮಾಡಿ ರೋಲರ್ ಹಾಕಿ ಮೇಲಕ್ಕೆ ಮಡಚುವುದು ಒಂದು. ಕ್ಯಾಂಬರ್, ಅಂದರೆ ಚಕ್ರದ ನೆತ್ತಿ ಒಳಕ್ಕೆ ವಾಲಿರುವುದನ್ನು, ಹೆಚ್ಚಿಸುವುದು ಇನ್ನೊಂದು. ಕ್ಯಾಂಬರ್ ಒಂದು ಡಿಗ್ರಿ ಒಳಕ್ಕೆ ವಾಲಿಸಿದರೆ ಈ ಸೈಜಿನ ಟೈರಿನ ನೆತ್ತಿ ಸುಮಾರು 5 ಮಿ.ಮೀ. ಒಳಗೆ ಬರುತ್ತದೆ. ಆಟೋಕ್ರಾಸ್‌ಗೆ ಹೇಗೂ ಎರಡೂವರೆ ಮೂರು ಡಿಗ್ರಿ ಬೇಕೇಬೇಕು, ಹಾಗಾಗಿ ಅದು ಎರಡು ಕೆಲಸ ಮಾಡುತ್ತದೆ. ನಾವು ಎರಡನ್ನೂ ಮಾಡಿದೆವು. ರಸ್ತೆಗೆ ಇಳಿಸಿ ಕೇಳುತ್ತಾ ನೋಡೋಣ ಅಂತ ಹೊರಟಿದ್ದರೆ ಟೈರಿನ ಭುಜ ಕೊಯ್ದುಕೊಂಡು ಬರುತ್ತಿತ್ತು.

ಚಕ್ರ ಹೊರಗೆ ಹೋದರೆ ಟ್ರ್ಯಾಕ್ (ಎಡ ಬಲ ಚಕ್ರಗಳ ನಡುವಿನ ಅಂತರ) ಅಗಲವಾಗುತ್ತದೆ, ಭಾರ ವರ್ಗ ಆಗುವುದು ಸ್ವಲ್ಪ ಕಮ್ಮಿಯಾಗುತ್ತದೆ, ಒಳ್ಳೆಯದೇ. ಆದರೆ ಸ್ಟೀರಿಂಗ್ ಭಾರ ಆಗುತ್ತದೆ, ನೆಲದ ಏರುತಗ್ಗಿಗೆ ಕೈಯಲ್ಲಿ ಎಳೆಯುತ್ತದೆ, ಬೇರಿಂಗ್‌ಗೂ ಕಷ್ಟ. ಟೈರು ಫೆಂಡರಿಗಿಂತ ಹೊರಗೆ ಬಂದರೆ ಸ್ಲಾಲಮ್‌ನಲ್ಲಿ ಕಾರೇ ಅಗಲವಾದ ಹಾಗೆ. ಪ್ರತಿ ಕೋನ್‌ಗೂ ಅಷ್ಟು ದೂರದಿಂದ ಹೋಗಬೇಕು, ಆಚೆಗೂ ಈಚೆಗೂ. ಬಾಡಿ ಒಳಗೇ ಇದ್ದರೆ ಈ ಚಿಂತೆ ಇಲ್ಲ.

ನಿಯಮ ಪುಸ್ತಕ ಹೇಳುವುದು

ಇಷ್ಟೆಲ್ಲ ಆದ ಮೇಲೂ ಕ್ಲಾಸಿನ ನಿಯಮ ಒಪ್ಪದಿದ್ದರೆ ಏನೂ ಇಲ್ಲ. ಅಮೆರಿಕದ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ನಿಯಮಗಳಲ್ಲಿ ಸ್ಟ್ರೀಟ್ ವಿಭಾಗಕ್ಕೆ ರಿಮ್‌ನ ಅಗಲ ಕಾರ್ಖಾನೆಯದ್ದೇ ಇರಬೇಕು, ವ್ಯಾಸ ಒಂದು ಇಂಚು ಆಚೀಚೆ ಆಗಬಹುದು, ಟೈರಿನ ಟ್ರೆಡ್‌ವೇರ್ ನಂಬರ್ (ಟ್ರೆಡ್ ಎಷ್ಟು ಬಾಳುತ್ತದೆ ಅಂತ ಸೂಚಿಸುವ ನಂಬರ್) 200ಕ್ಕಿಂತ ಕಮ್ಮಿ ಇರಬಾರದು. ಸ್ಟ್ರೀಟ್ ಟೂರಿಂಗ್ ವಿಭಾಗದಲ್ಲಿ ರಿಮ್ ಬದಲಾಯಿಸಬಹುದು, ಆದರೆ ಟೈರಿಗೂ ರಿಮ್‌ಗೂ ಕ್ಲಾಸ್ ಪ್ರಕಾರ ಗರಿಷ್ಠ ಅಗಲ ಇದೆ. ಅಂದಹಾಗೆ ಈ 200 ಅನ್ನುವ ನಂಬರನ್ನು ಟೈರು ಮಾಡುವವರು ತಾವೇ ಕೊಟ್ಟುಕೊಳ್ಳುವುದು. ಎರಡು 200 ಟೈರುಗಳ ನಡುವೆ ಅಜಗಜಾಂತರ ಇರಬಹುದು. ಅದಕ್ಕೇ ನಾನು ಮೊದಲು ಟೈರು ಆರಿಸುವುದು, ಆಮೇಲೆ ಸೈಜ್. ಬ್ರಿಜ್‌ಸ್ಟೋನ್ ಆರ್‌ಇ-71ಆರ್‌ಎಸ್, ಯೋಕೊಹಾಮಾ ಎ052 ಥರದ ಟೈರು ಯಾವ ಸೈಜಿನಲ್ಲಿ ಬರುತ್ತವೆ ಅಂತ ಪಟ್ಟಿ ತೆಗೆದು, ಅದಕ್ಕೆ ರಿಮ್ ಹುಡುಕಬೇಕು. ಸಾಧಾರಣ ರಬ್ಬರಿನ 245ಕ್ಕಿಂತ ಒಳ್ಳೆ ರಬ್ಬರಿನ 205 ಸಾವಿರ ಪಾಲು ಮೇಲು. 14 ಇಂಚಿನಲ್ಲಿ ಇಂಥ ಟೈರುಗಳ ಆಯ್ಕೆ ತೀರಾ ಕಮ್ಮಿ. ಹಳೆ ಕಾರಿನವರು 15ಕ್ಕೆ ಹೋಗುವುದು ಅದಕ್ಕೇ.

ರಿಮ್ ಬದಲಿಸಲು ಬಿಡದ ಕ್ಲಾಸಿನಲ್ಲಿ ಏನು ಮಾಡಬೇಕು? ಇಲ್ಲಿ ನನ್ನ ಮಾತಿಗೆ ನಾನೇ ತಿದ್ದುಪಡಿ ಹಾಕಬೇಕು. ಕಿರಿದಾದ ರಿಮ್ ಮೇಲೆ ಅಗಲ ಟೈರು ಕೆಲವು ಸಲ ಗೆಲ್ಲುತ್ತದೆ. ಭಾರದ ಕಾರು, ಬಿಸಿ ನೆಲ, ಇಬ್ಬರು ಡ್ರೈವರ್, ಉದ್ದುದ್ದ ತಿರುವುಗಳು ಇದ್ದರೆ ರಬ್ಬರ್ ಜಾಸ್ತಿ ಇರುವುದರ ಲಾಭ ಮಡಚುವುದರ ನಷ್ಟವನ್ನು ಮೀರುತ್ತದೆ. ಸ್ಲಾಲಮ್ ಜಾಸ್ತಿ, ಆ ಕಡೆ ಈ ಕಡೆ ಬೇಗ ಬೇಗ ತಿರುಗಿಸಬೇಕು, ಕಾರು ಹಗುರ ಅಂದರೆ ಒಂದು ಸೈಜ್ ಕಿರಿದಾದ ಟೈರು ಮುಂದೆ ಹೋಗುತ್ತದೆ. ಅಗಲದ ಟೈರು ಹಾಕಿದರೆ ಸೈಡ್‌ವಾಲ್ ಗಟ್ಟಿ ಇರುವ ಟೈರನ್ನೇ ಆರಿಸಬೇಕು. ಮೆತ್ತನೆ ಸೈಡ್‌ವಾಲ್, ಕಿರಿದಾದ ರಿಮ್, ಎರಡೂ ಸೇರಿದರೆ ಆ ಕಾರನ್ನು ಓಡಿಸುವುದೇ ಬೇಡ ಅನಿಸುತ್ತದೆ.

ಹಿಂದೆ ಅಗಲ, ಮುಂದೆ ಕಿರಿದು ಇಟ್ಟು ಬರುವ ಕಾರುಗಳ ಬಗ್ಗೆ ಒಂದೇ ಮಾತು. ನಿಯಮ ಬಿಟ್ಟರೆ ನಾಲ್ಕೂ ಒಂದೇ ಮಾಡಿ. ಮುಂದೆ ಕಿರಿದಿದ್ದರೆ ಬಿಗಿ ತಿರುವಿನಲ್ಲಿ ಮೂಗು ಹೊರಗೆ ತಳ್ಳಿಕೊಂಡು ಹೋಗುತ್ತದೆ, ಆಟೋಕ್ರಾಸ್‌ನಲ್ಲಿ ಬರೀ ಬಿಗಿ ತಿರುವುಗಳೇ. ನಾಲ್ಕೂ ಒಂದೇ ಇದ್ದರೆ ಸವೆದ ಮುಂದಿನವನ್ನು ಹಿಂದಕ್ಕೆ ಹಾಕಲೂ ಬರುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಮುಂದೆ ಹಿಂದೆ ವ್ಯಾಸ ಬೇರೆ ಬೇರೆ ಮಾಡಲೇಬಾರದು, ನಡುವಿನ ಡಿಫರೆನ್ಷಿಯಲ್ ಒದ್ದಾಡುತ್ತದೆ.

ಹೋಲಿಸಿ ನೋಡುವುದಾದರೆ

ಎರಡು ಸೈಜ್ ಕೈಯಲ್ಲಿದ್ದು ಯಾವುದು ವೇಗ ಅಂತ ನೋಡಬೇಕಾದರೆ ಒಂದೇ ದಿನ, ಒಂದೇ ಕೋರ್ಸ್, ಒಬ್ಬರೇ ಡ್ರೈವರ್ ಇರಬೇಕು. ಬೆಳಿಗ್ಗೆ ಒಂದು ಸೆಟ್, ಮಧ್ಯಾಹ್ನ ಇನ್ನೊಂದು ಸೆಟ್ ಅಂತ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ನೆಲದ ಮೇಲೆ ದೂಳಿರುತ್ತದೆ, ಕಾರುಗಳು ಓಡಿದ ಹಾಗೆ ಸಾಲು ಸ್ವಚ್ಛವಾಗುತ್ತದೆ, ಓಡಿಸುವವರಿಗೂ ಕೋರ್ಸ್ ಪರಿಚಯ ಆಗುತ್ತದೆ. ಎರಡನೇ ಸೆಟ್ ಯಾವುದಾದರೂ ಗೆದ್ದೇ ಗೆಲ್ಲುತ್ತದೆ. ಒಂದು ಸೆಟ್ ಹಾಕಿ, ಇನ್ನೊಂದು ಹಾಕಿ, ಮತ್ತೆ ಮೊದಲನೆಯದಕ್ಕೆ ವಾಪಸ್ ಬರಬೇಕು. ವಾಪಸ್ ಬಂದಾಗ ಟೈಮ್ ಮೊದಲಿನದಕ್ಕೆ ಹತ್ತಿರ ಇದ್ದರೆ ಮಾತ್ರ ನಡುವಿನ ವ್ಯತ್ಯಾಸ ಟೈರಿನದು. ಪ್ರತಿ ಸಲವೂ ಗಾಳಿಯನ್ನು ಬಿಸಿ ಇರುವಾಗಲೇ ಅಳೆದು ಬರೆದಿಡಿ, ಚಾಕ್ ಗುರುತು ಎಲ್ಲಿ ನಿಂತಿತು ಅಂತಲೂ ಬರೆದಿಡಿ. ಒಟ್ಟು ಟೈಮ್ ಒಂದೇ ಬಂದು, ಒಂದು ಸೆಟ್ ಸ್ಲಾಲಮ್‌ನಲ್ಲಿ ಗೆದ್ದು ಉದ್ದ ತಿರುವಿನಲ್ಲಿ ಸೋತಿರಲೂಬಹುದು. ಕಾರಿನಲ್ಲಿ ಜಿಪಿಎಸ್ ಲಾಗರ್ ಇದ್ದರೆ ಅದನ್ನು ಬಿಡಿಸಿ ನೋಡಬಹುದು. ಇಲ್ಲದಿದ್ದರೆ ಆ ಎರಡು ಜಾಗದಲ್ಲಿ ಕೋನ್ ಎತ್ತಿಡಲು ನಿಂತವರನ್ನು ಹೋಗಿ ಕೇಳಿ, ಅವರು ಟೈರು ನೋಡಿರುತ್ತಾರೆ.